ಪುಲಿಕೇಶಿಯ ಊರಿನಲ್ಲಿ ಎರಡು ದಿನ

ಇಮ್ಮಡಿ ಪುಲಿಕೇಶಿಯ ಹೆಸರನ್ನು ಕೇಳದ ಕನ್ನಡಿಗನು ವಿರಳ. ಪ್ರಾಥಮಿಕ ಶಾಲೆಯ ಪಾಠದಲ್ಲಿ ಅವನಿದ್ದಾನೆ. ನವೆಂಬರ್ ತಿಂಗಳಿನ ಭಾಷಣಗಳಲ್ಲಿಯೂ ಅವನಿದ್ದಾನೆ. ಉತ್ತರದ ಹರ್ಷವರ್ಧನನನ್ನು ನರ್ಮದೆಯ ದಂಡೆಯಲ್ಲಿ ತಡೆದು ನಿಲ್ಲಿಸಿದವನು ಎಂದು ಒಂದು ಮಾತು ಹೇಳಿ, ಕೈಮುಗಿದು, ನಾವೆಲ್ಲರೂ ಮುಂದೆ ಸಾಗಿಬಿಡುತ್ತೇವೆ. ನಾನೂ ಹಾಗೆಯೇ ಮಾಡಿದವನು. ಕಳೆದ ಡಿಸೆಂಬರಿನಲ್ಲಿ ನಮ್ಮ ಇತಿಹಾಸ ವಿಭಾಗದ ಪ್ರವಾಸದ ನಿಮಿತ್ತ ಎರಡು ದಿನ ಅವನ ಊರಿನಲ್ಲಿ ತಿರುಗಾಡಿ ಬಂದ ಮೇಲೆ ಆ ಒಂದು ಮಾತು ನನಗೆ ಸಾಲದಾಯಿತು. ಆದುದರಿಂದ ಈ ಬರವಣಿಗೆ. ಇದನ್ನು ಪಂಡಿತನ ಲೇಖನವೆಂದು ವಾಚಕರು ಭಾವಿಸಬಾರದು. ನಾನು ಇಳಕಲ್ಲಿನ ನೇಕಾರರ ಮನೆಯವನು; ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ತಪ್ಪುಗಳಿದ್ದರೆ ಗುರುಗಳು ತಿದ್ದಬೇಕು, ಮಿತ್ರರು ಕ್ಷಮಿಸಬೇಕು.

ಬಾಗಲಕೋಟೆಯ ನವನಗರದಿಂದ ನಸುಕಿನಲ್ಲಿ ಹೊರಟ ನಮ್ಮ ಬಸ್ಸು ಬಿಸಿಲೇರುವ ಮುನ್ನವೇ ಬಾದಾಮಿಯನ್ನು ಮುಟ್ಟಿತು. ಪೇಟೆಯ ಗದ್ದಲವನ್ನು ದಾಟಿ, ಇಕ್ಕಟ್ಟಾದ ಓಣಿಗಳಲ್ಲಿ ನಡೆದು, ಮನೆಗಳ ಸಾಲು ಮುಗಿಯುತ್ತಲೇ ಎದುರಿಗೆ ಕಂಡದ್ದು ಅಗಸ್ತ್ಯತೀರ್ಥವೆಂಬ ಕೆರೆ. ಯುರೋಪಿನ ಹಳೆಯ ಪಟ್ಟಣಗಳ ನಡುವೆ ಕಲ್ಲು ಹಾಸಿದ ದೊಡ್ಡ ಚೌಕವೊಂದು ಇರುತ್ತದೆಂದೂ, ಅದರ ಸುತ್ತ ಇಗರ್ಜಿ, ಪುರಭವನ, ಅಂಗಡಿಗಳು ನಿಂತಿರುತ್ತವೆಂದೂ, ಊರಿನ ಚರಿತ್ರೆಯೆಲ್ಲ ಆ ಚೌಕದಲ್ಲಿಯೇ ನಡೆಯುತ್ತದೆಂದೂ ನಮ್ಮ ಪಠ್ಯದಲ್ಲಿ ಓದಿದ್ದೆವು. ಬಾದಾಮಿಗೂ ಅಂಥದೊಂದು ಚೌಕವಿದೆ; ಅದು ನೀರಿನ ಚೌಕ. ದಕ್ಷಿಣಕ್ಕೆ ಕೆಂಪು ಬಂಡೆಯನ್ನು ಕೊರೆದ ನಾಲ್ಕು ಗುಹಾಲಯಗಳು, ಉತ್ತರಕ್ಕೆ ಕೋಟೆಯ ಗುಡ್ಡ, ಅದರ ಮೇಲೆ ಶಿವಾಲಯಗಳು, ಪೂರ್ವದ ಅಂಚಿನಲ್ಲಿ ನೀರಿಗೆ ಮೈಯೊಡ್ಡಿದ ಭೂತನಾಥ ದೇವಾಲಯ, ಪಶ್ಚಿಮಕ್ಕೆ ಊರು. ಮೆಟ್ಟಿಲುಗಳ ಮೇಲೆ ಹೆಣ್ಣುಮಕ್ಕಳು ಬಟ್ಟೆ ಒಗೆಯುತ್ತಿದ್ದರು. ಒಗೆಯುವ ಸಪ್ಪಳವು ಈಚೆಯ ಬಂಡೆಗೆ ಬಡಿದು ಆಚೆಯ ಬಂಡೆಯಿಂದ ಮರಳಿ ಬರುತ್ತಿತ್ತು. ಆ ಮೆಟ್ಟಿಲುಗಳ ಮೇಲೆಯೇ ನಮ್ಮ ಪ್ರಾಧ್ಯಾಪಕರು ನಮ್ಮನ್ನು ಕೂಡ್ರಿಸಿಕೊಂಡು ಪುಲಿಕೇಶಿಯ ಕಥೆಯನ್ನು ಮೊದಲಿನಿಂದ ಹೇಳಿದರು.

ಅವನ ಅಜ್ಜನ ಹೆಸರೂ ಪುಲಿಕೇಶಿಯೇ. ಕದಂಬರ ಬಲ ಕುಗ್ಗುತ್ತಿದ್ದ ಕಾಲದಲ್ಲಿ ತಲೆಯೆತ್ತಿದ ಈ ಒಂದನೆಯ ಪುಲಿಕೇಶಿಯು ಶಕವರ್ಷ 465ರಲ್ಲಿ, ಎಂದರೆ ಕ್ರಿ.ಶ. 543ರಲ್ಲಿ, ವಾತಾಪಿಯ ಬೆಟ್ಟವನ್ನು ಕೋಟೆಯಾಗಿ ಬಲಪಡಿಸಿದನೆಂಬುದಕ್ಕೆ ಇಲ್ಲಿಯ ಬಂಡೆಯ ಮೇಲಿನ ಬರಹವೇ ಸಾಕ್ಷಿ. ಅಶ್ವಮೇಧವನ್ನು ಮಾಡಿ ತಾನು ಸ್ವತಂತ್ರನೆಂದು ಸಾರಿದವನು ಅವನು. ಅವನ ಹಿರಿಯ ಮಗ ಕೀರ್ತಿವರ್ಮನು ಬನವಾಸಿಯ ಕದಂಬರನ್ನೂ, ಕೊಂಕಣದ ಮೌರ್ಯರನ್ನೂ, ನಳರನ್ನೂ ಸೋಲಿಸಿ ರಾಜ್ಯವನ್ನು ಹಿಗ್ಗಿಸಿದನು. ಕೀರ್ತಿವರ್ಮನ ಮಗನೇ ನಮ್ಮ ಇಮ್ಮಡಿ ಪುಲಿಕೇಶಿ.

ಕೀರ್ತಿವರ್ಮನು ತೀರಿಕೊಂಡಾಗ ಮಗನು ಇನ್ನೂ ಚಿಕ್ಕವನು. ಆದುದರಿಂದ ಕೀರ್ತಿವರ್ಮನ ತಮ್ಮನಾದ ಮಂಗಳೇಶನು ಪಟ್ಟಕ್ಕೆ ಬಂದನು. ಅವನೇನೂ ಕೈಲಾಗದವನಲ್ಲ. ಉತ್ತರದ ಕಲಚುರಿಗಳ ಬುದ್ಧರಾಜನನ್ನು ಓಡಿಸಿದನು; ಪಶ್ಚಿಮ ಕಡಲ ದಂಡೆಯ ರೇವತೀದ್ವೀಪವನ್ನು ಗೆದ್ದನು. ಆದರೆ ಅಣ್ಣನ ಮಗನು ಪ್ರಾಯಕ್ಕೆ ಬಂದ ಮೇಲೆ ಸಿಂಹಾಸನವನ್ನು ಅವನಿಗೆ ಬಿಟ್ಟುಕೊಡುವ ಬದಲು ತನ್ನ ಸ್ವಂತ ಮಗನಿಗೆ ಕೊಡಿಸಲು ಹವಣಿಸಿದನು. ತರುಣ ಪುಲಿಕೇಶಿಯು ರಾಜಧಾನಿಯನ್ನು ಬಿಟ್ಟು ಹೊರಟುಹೋದನು. ಹೊರಗೆ ದಂಡು ಕಟ್ಟಿದನು. ತಿರುಗಿ ಬಂದು ಕಾಕಾನೊಡನೆ ಕಾದಿದನು. ಆ ಕಾಳಗದಲ್ಲಿ ಮಂಗಳೇಶನು ರಾಜ್ಯವನ್ನೂ ಮಗನ ಮೇಲಿನ ಆಸೆಯನ್ನೂ ಪ್ರಾಣವನ್ನೂ ಒಟ್ಟಿಗೆ ಕಳೆದುಕೊಂಡನು. ಇದು ಕ್ರಿ.ಶ. 609-10ರ ಸುಮಾರಿನ ಮಾತು.

ಇಲ್ಲಿ ನನ್ನದೊಂದು ಗುಟ್ಟನ್ನು ಹೇಳಲೇಬೇಕು. ಹೇಳದೆ ಈ ಬರವಣಿಗೆ ಮುಂದೆ ಸಾಗದು. ಗುರುಗಳು ಮಂಗಳೇಶನ ಸಾವನ್ನು ಹೇಳಿದಾಗ ನನಗೆ ಒಳಗೊಳಗೇ ಸಂತೋಷವಾಯಿತು. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ನಮ್ಮಪ್ಪ ತೀರಿಕೊಂಡ. ಅಂದಿನಿಂದ ಮನೆಯ ಭಾರವೆಲ್ಲ ಕಾಕಾನದು. ನಮ್ಮ ಮನೆಯಲ್ಲಿ ಎರಡು ಕೈಮಗ್ಗಗಳು. ಒಂದು ಅಪ್ಪನದು, ಒಂದು ಕಾಕಾನದು. ಅಪ್ಪ ಹೋದ ಮೇಲೆ ಅವನ ಮಗ್ಗದ ಮೇಲೆ ಬಟ್ಟೆ ಹೊದಿಸಿ ಇಟ್ಟಿದ್ದರು. ಹಬ್ಬ ಹುಣ್ಣಿಮೆಗೆ ಅವ್ವ ಅದಕ್ಕೆ ಕುಂಕುಮ ಹಚ್ಚುತ್ತಿದ್ದಳು. ನಾನು ಬಿ.ಎ. ಮೊದಲನೆಯ ವರ್ಷಕ್ಕೆ ಸೇರಿ ದಸರೆಯ ಸೂಟಿಗೆ ಮನೆಗೆ ಬಂದಾಗ ಆ ಮಗ್ಗದಲ್ಲಿ ಕಾಕಾನ ಮಗ ಕುಳಿತು ಲಾಳಿ ಹೊಡೆಯುತ್ತಿದ್ದ. ನನ್ನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ನಾನು ಓದಲು ಹೋದದ್ದೇ ತಡ, ಅಪ್ಪನ ಜಾಗವನ್ನು ತನ್ನ ಮಗನಿಗೆ ಮಾಡಿಕೊಟ್ಟ ಎಂದು ನಾನು ಎಣಿಸಿದೆ. ಅಂದಿನಿಂದ ಎರಡು ವರ್ಷಗಳ ಕಾಲ ಕಾಕಾನೊಡನೆ ಬೇಕಾದಷ್ಟೇ ಮಾತಾಡಿದೆ. ತಮ್ಮನೊಡನೆ ಅದೂ ಇಲ್ಲ. ಹೀಗಿರುವಾಗ ಪುಲಿಕೇಶಿಯ ಕಥೆ ನನಗೆ ನನ್ನದೇ ಕಥೆಯಂತೆ ಕೇಳಿಸಿದುದರಲ್ಲಿ ಆಶ್ಚರ್ಯವೇನು?

ಕಥೆಯನ್ನು ಅಷ್ಟಕ್ಕೆ ನಿಲ್ಲಿಸಿ ಗುರುಗಳು ನಮ್ಮನ್ನು ಗುಹಾಲಯಗಳಿಗೆ ಕರೆದೊಯ್ದರು. ನಾಲ್ಕರಲ್ಲಿ ದೊಡ್ಡದು, ಚೆಲುವಾದದ್ದು, ಮೂರನೆಯದು. ಆದಿಶೇಷನ ಸುರುಳಿಯ ಮೇಲೆ ಕುಳಿತ ವಿಷ್ಣು, ಕಾಲೆತ್ತಿದ ತ್ರಿವಿಕ್ರಮ, ನಿಂತ ನರಸಿಂಹ, ಭೂದೇವಿಯನ್ನು ಎತ್ತಿದ ವರಾಹ, ಇವುಗಳ ಎದುರಿಗೆ ನಿಂತರೆ ಮಾತು ಹೊರಡುವುದಿಲ್ಲ. ಮಿತ್ರರು ಮೊಬೈಲಿನಲ್ಲಿ ಚಿತ್ರಗಳನ್ನು ತೆಗೆದುಕೊಳ್ಳುತ್ತಿದ್ದರು. ಮಂಗಗಳು ನಮ್ಮ ಚೀಲಗಳ ಮೇಲೆ ಕಣ್ಣಿಟ್ಟಿದ್ದವು. ಅಲ್ಲಿಯ ಶಾಸನದ ಕಡೆಗೆ ಗುರುಗಳು ಬೆರಳು ತೋರಿಸಿದರು. ಶಕ 500ರ, ಎಂದರೆ ಕ್ರಿ.ಶ. 578ರ, ಕಾರ್ತಿಕ ಹುಣ್ಣಿಮೆಯ ಶಾಸನವದು. ಕೀರ್ತಿವರ್ಮನು ಆಳುತ್ತಿದ್ದಾಗಲೇ ಈ ವಿಷ್ಣುಗೃಹವನ್ನು ಮಾಡಿಸಿದವನು ಯಾರೆಂದು ಕೇಳಿದರು. ನಾವಾರೂ ಬಾಯಿ ಬಿಡಲಿಲ್ಲ. ಮಾಡಿಸಿದವನು ಮಂಗಳೇಶ!

ಅಷ್ಟೇ ಅಲ್ಲ. ಇಂಥ ಗುಡಿಯನ್ನು ಮಾಡಿಸಿ, ಅದಕ್ಕೆ ಒಂದು ಊರನ್ನು ದತ್ತಿ ಬಿಟ್ಟು, ಆ ಪುಣ್ಯದ ಫಲವೆಲ್ಲ ತನ್ನ ಅಣ್ಣನಿಗೆ ಸಲ್ಲಲಿ ಎಂದು ಮಂಗಳೇಶನು ಅಲ್ಲಿ ಬರೆಯಿಸಿದ್ದಾನೆ. ತನಗೆ ಅವನು ಬೇಡಿಕೊಂಡದ್ದು ಅಣ್ಣನ ಸೇವೆ ಮಾಡಿದ್ದರ ಫಲವನ್ನು ಮಾತ್ರ. ಈ ಗುಡಿಯನ್ನು ಮಾಡಿಸಿದವನೂ, ಮೂವತ್ತು ವರ್ಷಗಳ ತರುವಾಯ ಅದೇ ಅಣ್ಣನ ಮಗನ ಕೈಯಲ್ಲಿ ಸತ್ತವನೂ ಒಬ್ಬನೇ. ನಾನು ಆ ಕಂಬದ ಎದುರಿಗೆ ಬಹಳ ಹೊತ್ತು ನಿಂತೆ. ಆ ಅಕ್ಷರಗಳನ್ನು ಓದಲು ನನಗೆ ಬಾರದು. ಆದರೆ ಅವು ಹೇಳಿದ ಮಾತನ್ನು ಮಾತ್ರ ಮನಸ್ಸಿನಿಂದ ತೆಗೆದುಹಾಕಲು ಆಗಲಿಲ್ಲ.

ಮಧ್ಯಾಹ್ನದ ಬುತ್ತಿ ಬಿಚ್ಚಿ, ರೊಟ್ಟಿ ತಿಂದು, ಮತ್ತೆ ಕೆರೆಯ ದಂಡೆಗೆ ಬಂದೆವು. ಉಳಿದ ಕಥೆ ಅಲ್ಲಿ ಮುಂದುವರಿಯಿತು.

ಒಳಜಗಳದಿಂದ ಸಿಂಹಾಸನಕ್ಕೆ ಬಂದವನಿಗೆ ಶತ್ರುಗಳು ಎಲ್ಲೆಡೆಯಲ್ಲಿಯೂ ಹುಟ್ಟುತ್ತಾರೆ. ಮಂಗಳೇಶನು ಬಿದ್ದ ಸುದ್ದಿ ಹಬ್ಬುತ್ತಲೇ ಭೀಮಾನದಿಯ ಉತ್ತರದಿಂದ ಅಪ್ಪಾಯಿಕ, ಗೋವಿಂದ ಎಂಬ ಇಬ್ಬರು ಆನೆಗಳ ದಂಡಿನೊಡನೆ ಏರಿ ಬಂದರು. ಪುಲಿಕೇಶಿಯು ಒಬ್ಬನನ್ನು ಬಡಿದು ಓಡಿಸಿದನು. ಇನ್ನೊಬ್ಬನನ್ನು ಗೆಳೆಯನನ್ನಾಗಿ ಮಾಡಿಕೊಂಡನು. ಅವನ ರಾಜನೀತಿಯ ಮೊದಲ ಕುರುಹು ಇದು. ಬಳಿಕ ಬನವಾಸಿಯನ್ನು ಮುತ್ತಿ ಕದಂಬರ ಶಕ್ತಿಯನ್ನು ಮುರಿದನು. ಗಂಗರೂ ಆಳುಪರೂ ಅವನ ಕಡೆಗೆ ಬಂದರು. ಕೊಂಕಣದ ಮೌರ್ಯರ ಪುರಿಯೆಂಬ ಕಡಲ ಪಟ್ಟಣವನ್ನು ಹಡಗುಗಳ ಪಡೆಯಿಂದ ಹಿಡಿದನು. ಗುಡ್ಡಗಾಡಿನ ನಡುವಿನ ನಮ್ಮ ಬಾದಾಮಿಯ ಅರಸನು ಸಮುದ್ರದ ಮೇಲೆ ನೂರಾರು ಹಡಗುಗಳನ್ನು ನಡೆಸಿದನೆಂದರೆ ಅಭಿಮಾನವೆನಿಸದೆ ಇರದು. ಲಾಟ, ಮಾಳವ, ಗುರ್ಜರರು ತಲೆಬಾಗಿದರು.

ಆಗ ಉತ್ತರಾಪಥದಲ್ಲಿ ಕನೌಜಿನ ಹರ್ಷವರ್ಧನನು ಎದುರಿಲ್ಲದ ಚಕ್ರವರ್ತಿ. ಅವನು ದಕ್ಷಿಣಕ್ಕೆ ಕೈಚಾಚಿದಾಗ ನರ್ಮದೆಯ ಬಳಿಯಲ್ಲಿ ಪುಲಿಕೇಶಿಯು ಅವನನ್ನು ತಡೆದನು. ಹರ್ಷನ ಆನೆಗಳು ಬಿದ್ದವು. ಅವನು ಹಿಂದೆ ಸರಿದನು. ಈ ಕಾಳಗವು ಯಾವ ವರ್ಷ ನಡೆಯಿತೆಂಬುದರ ಬಗ್ಗೆ ಬಹುಕಾಲ ಚರ್ಚೆಯಿತ್ತು. ಇತ್ತೀಚೆಗೆ ಬೆಳಕಿಗೆ ಬಂದ ಕ್ರಿ.ಶ. 619ರ ತಾಮ್ರಶಾಸನವೊಂದರಲ್ಲಿ ಅದರ ಪ್ರಸ್ತಾಪವಿರುವುದರಿಂದ ಅಷ್ಟರೊಳಗೆ ಅದು ಮುಗಿದಿತ್ತೆಂದು ವಿದ್ವಾಂಸರು ಹೇಳುತ್ತಾರೆ. ತೊಂಬತ್ತೊಂಬತ್ತು ಸಾವಿರ ಗ್ರಾಮಗಳ ಮೂರು ಮಹಾರಾಷ್ಟ್ರಗಳಿಗೆ ಅವನು ಒಡೆಯನಾದನೆಂಬ ಲೆಕ್ಕವೂ ಉಂಟು.

ಪೂರ್ವದಲ್ಲಿ ಕೋಸಲ, ಕಳಿಂಗಗಳು ಹೆದರಿ ಶರಣಾದವು. ಪಿಷ್ಟಪುರದ ಕೋಟೆ ಬಿತ್ತು. ಕುನಾಳ ಸರೋವರದ ನೀರು ಯುದ್ಧದಲ್ಲಿ ಕೆಂಪಾಯಿತು. ಹೀಗೆ ಗೆದ್ದ ವೆಂಗಿಯ ನಾಡಿಗೆ ತನ್ನ ತಮ್ಮನಾದ ಕುಬ್ಜ ವಿಷ್ಣುವರ್ಧನನನ್ನು ನೇಮಿಸಿದನು. ವೆಂಗಿಯ ಚಾಲುಕ್ಯರ ಮನೆತನವು ಹುಟ್ಟಿದ್ದು ಹೀಗೆ. ಬಾದಾಮಿಯ ಮನೆತನ ಅಳಿದ ಮೇಲೆಯೂ ಅದು ಶತಮಾನಗಳ ಕಾಲ ಬಾಳಿತು. ಕಾಕಾನಿಂದ ಪೆಟ್ಟು ತಿಂದವನು ತಮ್ಮನನ್ನು ಇಷ್ಟು ನಂಬಿದನಲ್ಲ ಎಂದು ನನಗೆ ಅಚ್ಚರಿಯಾಯಿತು. ಸಂಶಯವನ್ನೇ ಬಾಳಿನುದ್ದಕ್ಕೂ ಹೊತ್ತು ತಿರುಗುವವನಿಗೆ ಸಾಮ್ರಾಜ್ಯವನ್ನು ಕಟ್ಟಲು ಬರುವುದಿಲ್ಲವೇನೋ. ತೆಂಕಣದಲ್ಲಿ ಪಲ್ಲವ ಮಹೇಂದ್ರವರ್ಮನು ಅವನ ದಂಡಿನ ಧೂಳಿಗೆ ಅಂಜಿ ಕಂಚಿಯ ಗೋಡೆಗಳ ಹಿಂದೆ ನಿಲ್ಲಬೇಕಾಯಿತು. ಪುಲಿಕೇಶಿಯು ಕಾವೇರಿಯನ್ನು ದಾಟಿ ಚೋಳ, ಕೇರಳ, ಪಾಂಡ್ಯರ ಸ್ನೇಹವನ್ನು ಸಂಪಾದಿಸಿದನು.

ಕ್ರಿ.ಶ. 641ರ ಸುಮಾರಿಗೆ ಚೀನಾ ದೇಶದ ಯಾತ್ರಿಕ ಹ್ಯುಯೆನ್‌ತ್ಸಾಂಗನು ಈ ರಾಜ್ಯಕ್ಕೆ ಬಂದನು. ಹರ್ಷನ ಆದರವನ್ನು ಉಂಡು ಅವನನ್ನು ಮೆಚ್ಚಿ ಬರೆದ ಯಾತ್ರಿಕನೇ ಪುಲಿಕೇಶಿಯು ಹರ್ಷನಿಗೆ ಮಣಿಯಲಿಲ್ಲವೆಂದು ಒಪ್ಪಿಕೊಂಡಿದ್ದಾನೆ. ಇಲ್ಲಿಯ ಜನರು ಎತ್ತರದವರು, ನೇರ ನಡತೆಯವರು, ಅಭಿಮಾನಿಗಳು. ಉಪಕಾರ ಮಾಡಿದವರನ್ನು ಇವರು ಮರೆಯುವುದಿಲ್ಲ, ಅಪಮಾನ ಮಾಡಿದವರನ್ನು ಬಿಡುವುದೂ ಇಲ್ಲ ಎಂಬುದು ಅವನು ಕಂಡ ಚಿತ್ರದ ಸಾರಾಂಶ. ಯುದ್ಧಕ್ಕೆ ಮುನ್ನ ಆನೆಗಳಿಗೆ ಮದ್ಯ ಕುಡಿಸುವ ಪದ್ಧತಿಯನ್ನೂ ಅವನು ಕಂಡು ಬರೆದಿದ್ದಾನೆ. ಆನೆಯ ಮಾತಿಗೆ ಮಿತ್ರರೆಲ್ಲ ನಕ್ಕರು. ನನ್ನ ಮನಸ್ಸು ಮಾತ್ರ ಮೊದಲಿನ ಮಾತಿನಲ್ಲಿಯೇ ನಿಂತಿತು. ಉಪಕಾರವನ್ನೂ ಅಪಮಾನವನ್ನೂ ಒಟ್ಟಿಗೆ ನೆನಪಿಡುವುದು ನಮ್ಮ ಸೀಮೆಯ ಗುಣವಾದರೆ, ಎರಡು ವರ್ಷಗಳಿಂದ ನಾನು ನೆನಪಿಟ್ಟದ್ದು ಅದರ ಅರ್ಧವನ್ನಷ್ಟೇ.

ಯಾತ್ರಿಕನು ಹೋಗಿ ಬಹುಕಾಲವಾಗಲಿಲ್ಲ. ಮಹೇಂದ್ರವರ್ಮನ ಮಗ ನರಸಿಂಹವರ್ಮನು ತಂದೆಯ ಅಪಮಾನವನ್ನು ಮರೆತಿರಲಿಲ್ಲ. ಪುಲಿಕೇಶಿಯು ಮತ್ತೊಮ್ಮೆ ಕಂಚಿಯ ಮೇಲೆ ನಡೆದಾಗ ಪರಿಯಲ, ಮಣಿಮಂಗಲ, ಶೂರಮಾರಗಳಲ್ಲಿ ಅವನನ್ನು ಸೋಲಿಸಿದನು. ಬೆನ್ನಟ್ಟಿ ಬಂದು ವಾತಾಪಿಯನ್ನೇ ಹಿಡಿದನು. ಅದು ಕ್ರಿ.ಶ. 642. ಆ ವರ್ಷದಿಂದಾಚೆಗೆ ಪುಲಿಕೇಶಿಯ ಹೆಸರಿನ ಯಾವ ಶಾಸನವೂ ಇಲ್ಲ. ರಾಜಧಾನಿಯನ್ನು ಕಾಯುತ್ತ ಕಾಳಗದಲ್ಲಿಯೇ ಬಿದ್ದಿರಬೇಕೆಂದು ಇತಿಹಾಸಕಾರರು ನಂಬುತ್ತಾರೆ. ಮೂವತ್ತೆರಡು ವರ್ಷ ನರ್ಮದೆಯಿಂದ ಕಾವೇರಿಯವರೆಗೆ ಗೆಲ್ಲುತ್ತ ತಿರುಗಿದವನಿಗೆ ಕೊನೆ ಬಂದದ್ದು ತನ್ನ ಮನೆಯ ಬಾಗಿಲಲ್ಲಿ. ನರಸಿಂಹವರ್ಮನು ವಾತಾಪಿಯನ್ನು ಕೊಂಡವನೆಂಬ ಬಿರುದನ್ನು ಧರಿಸಿದನು. ಇದೇ ಊರಿನ ಬಂಡೆಯೊಂದರ ಮೇಲೆ ಅವನ ಹದಿಮೂರನೆಯ ಆಳ್ವಿಕೆಯ ವರ್ಷದ ಶಾಸನವು ಸವೆದ ಸ್ಥಿತಿಯಲ್ಲಿ ಇಂದಿಗೂ ಇದೆ. ಸುಮಾರು ಹದಿಮೂರು ವರ್ಷ ಬಾದಾಮಿಯು ಪರರ ಕೈಯಲ್ಲಿತ್ತು.

ಇದನ್ನು ಕೇಳುವಾಗ ನಮ್ಮಲ್ಲಿ ಒಬ್ಬ ಮಿತ್ರನು ನೀರನ್ನೇ ನೋಡುತ್ತ ಕುಳಿತುಬಿಟ್ಟನು. ಅವನ ಮನೆತನದವರು ಹಳೆಯ ಬಾಗಲಕೋಟೆಯವರು. ಅವರ ಓಣಿ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದೆ. ಅವರ ಅಜ್ಜಿ ನವನಗರದ ಮನೆಯಲ್ಲಿ ಕುಳಿತು ಇಂದಿಗೂ ಹಳೆಯ ಊರಿನ ಅಂಗಡಿಗಳನ್ನು ಸಾಲಾಗಿ ಎಣಿಸುತ್ತಾಳಂತೆ. ರಾಜನು ಬಿದ್ದ ಸುದ್ದಿ ಶಾಸನವಾಗುತ್ತದೆ. ಅಂದು ಈ ಕೆರೆಯ ದಂಡೆಯಿಂದ ಮಕ್ಕಳನ್ನು ಎತ್ತಿಕೊಂಡು ಓಡಿದ ಜನರು ಎಲ್ಲಿಗೆ ಹೋದರು ಎಂದು ಅವನು ಕೇಳಿದನು. ಗುರುಗಳು ಆ ಪ್ರಶ್ನೆಯನ್ನು ಮೆಚ್ಚಿದರು.

ಮರುದಿನ ಪಟ್ಟದಕಲ್ಲಿಗೆ ಹೋದೆವು. ಪುಲಿಕೇಶಿಯ ಕಥೆಗೆ ಅಲ್ಲಿ ಒಂದು ಮರುಕಥೆಯಿದೆ. ಅವನ ಮಗ ವಿಕ್ರಮಾದಿತ್ಯನು ಕ್ರಿ.ಶ. 655ರ ಸುಮಾರಿಗೆ ಪಲ್ಲವರನ್ನು ಹೊರಗಟ್ಟಿ ಬಾದಾಮಿಯನ್ನು ಮರಳಿ ಪಡೆದನು. ಅವನ ಮರಿಮಗ ಇಮ್ಮಡಿ ವಿಕ್ರಮಾದಿತ್ಯನು ಎಂಟನೆಯ ಶತಮಾನದಲ್ಲಿ ಕಂಚಿಯನ್ನೇ ಗೆದ್ದು ಒಳಹೊಕ್ಕನು. ಹಳೆಯ ಸೇಡನ್ನು ತೀರಿಸಿಕೊಳ್ಳುವ ಸಮಯ ಅದು. ಆದರೆ ಅವನು ಊರನ್ನು ಹಾಳುಗೆಡಹಲಿಲ್ಲ. ರಾಜಸಿಂಹೇಶ್ವರ ದೇವಾಲಯದ ಸಂಪತ್ತನ್ನು ನೋಡಿ ಅದನ್ನು ದೇವರಿಗೇ ಬಿಟ್ಟುಕೊಟ್ಟನು. ಆ ಮಾತನ್ನು ಅಲ್ಲಿಯ ಕಂಬದ ಮೇಲೆ ಕನ್ನಡದಲ್ಲಿ ಬರೆಯಿಸಿದನು. ಕೈಲಾಸನಾಥವೆಂದು ಈಗ ಹೆಸರಾದ ಆ ಗುಡಿಯಲ್ಲಿ ಕನ್ನಡದ ಬರಹವು ಇಂದಿಗೂ ಇದೆ. ಅವನ ರಾಣಿ ಲೋಕಮಹಾದೇವಿಯು ಕಂಚಿಯ ವಿಜಯದ ನೆನಪಿಗಾಗಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ಗುಡಿಯೇ ವಿರೂಪಾಕ್ಷ ದೇವಾಲಯ. ಪಟ್ಟದಕಲ್ಲಿನ ಗುಡಿಗಳು 1987ರಲ್ಲಿ ಜಗತ್ತಿನ ಪರಂಪರೆಯ ತಾಣಗಳ ಪಟ್ಟಿಯಲ್ಲಿ ಸೇರಿವೆ. ವಿರೂಪಾಕ್ಷವನ್ನು ಕಟ್ಟಿದ ಸ್ಥಪತಿ ಗುಂಡನ ಹೆಸರನ್ನೂ ಅಲ್ಲಿಯ ಶಾಸನ ಹೇಳುತ್ತದೆ. ದುಡಿದವನ ಹೆಸರು ಕಲ್ಲಿನ ಮೇಲೆ ನಿಂತದ್ದನ್ನು ಕೇಳಿ ನೇಕಾರರ ಮನೆಯವನಾದ ನನಗೆ ಹಿಗ್ಗಾಯಿತು.

ಅಲ್ಲಿಂದ ಐಹೊಳೆ, ನಮ್ಮ ಹುನಗುಂದ ಸೀಮೆಯ ಐಹೊಳೆ. ಬಾಲ್ಯದಲ್ಲಿ ಶಾಲೆಯವರೊಡನೆ ಒಮ್ಮೆ ಅಲ್ಲಿಗೆ ಹೋಗಿದ್ದೆ. ದುರ್ಗದ ಗುಡಿಯ ಸುತ್ತ ಓಡಾಡಿದ್ದಷ್ಟೇ ನೆನಪು. ಈ ಸಲ ಮೇಗುತಿಯ ಗುಡ್ಡವನ್ನು ಹತ್ತಿದೆವು. ಮೇಲಿನ ಗುಡಿ ಎಂಬುದೇ ಜನರ ಬಾಯಲ್ಲಿ ಮೇಗುತಿಯಾಗಿದೆ. ಅದೊಂದು ಜಿನಾಲಯ, ರವಿಕೀರ್ತಿಯೆಂಬ ಕವಿಯು ಪುಲಿಕೇಶಿಯ ಆಶ್ರಯದಲ್ಲಿ ಅದನ್ನು ಕಟ್ಟಿಸಿದನು. ಅದರ ಪೂರ್ವದ ಗೋಡೆಯ ಮೇಲೆ ಹತ್ತೊಂಬತ್ತು ಸಾಲುಗಳ ಶಾಸನವಿದೆ. ಭಾಷೆ ಸಂಸ್ಕೃತ, ಲಿಪಿ ಹಳೆಯ ಕನ್ನಡದ್ದು, ಕಾಲ ಶಕ 556, ಎಂದರೆ ಕ್ರಿ.ಶ. 634-35. ಕಾಳಿದಾಸ, ಭಾರವಿಯರ ಕೀರ್ತಿಗೆ ತಾನೂ ಸಮನೆಂದು ರವಿಕೀರ್ತಿಯು ಹೇಳಿಕೊಂಡಿದ್ದಾನೆ. ಆ ಮಹಾಕವಿಗಳ ಹೆಸರು ಕಾಲನಿರ್ದೇಶದೊಡನೆ ಇಲ್ಲಿ ಬಂದಿರುವುದರಿಂದ ಸಾಹಿತ್ಯದ ಚರಿತ್ರೆಗೂ ಈ ಗೋಡೆ ಬಹು ಮುಖ್ಯವಾದದ್ದು.

ಹಿಂದಿನ ದಿನ ಕೆರೆಯ ದಂಡೆಯಲ್ಲಿ ಕೇಳಿದ್ದರಲ್ಲಿ ಬಹುಪಾಲು ಈ ಒಂದು ಗೋಡೆಯಿಂದಲೇ ಬಂದದ್ದೆಂದು ನನಗೆ ಆಗ ತಿಳಿಯಿತು. ಅಪ್ಪಾಯಿಕ, ಗೋವಿಂದ, ಪುರಿಯ ಹಡಗುಗಳು, ಹರ್ಷನ ಆನೆಗಳು, ಕಂಚಿಯ ಗೋಡೆ, ಎಲ್ಲವೂ ಇಲ್ಲಿವೆ. ಈ ಗೋಡೆ ಕುಸಿದಿದ್ದರೆ ಪುಲಿಕೇಶಿಯು ನಮಗೆ ಎಷ್ಟು ಉಳಿಯುತ್ತಿದ್ದನು? ಆದರೆ ಇದನ್ನು ಬರೆದಾಗ 642 ಇನ್ನೂ ಬಂದಿರಲಿಲ್ಲ. ರವಿಕೀರ್ತಿಯ ಪುಲಿಕೇಶಿಯು ಇಂದಿಗೂ ಸೋಲದೆ ನಿಂತಿದ್ದಾನೆ. ಅವನ ಸೋಲನ್ನು ಶತ್ರುಗಳ ಬರಹದಲ್ಲಿಯೇ ಓದಬೇಕು. ಇನ್ನು ಮಂಗಳೇಶನೆಂದರೆ, ಗೆದ್ದ ಅಣ್ಣನ ಮಗನ ಆಸ್ಥಾನದ ಕವಿಯು ಅವನನ್ನು ಹೇಗೆ ಕಂಡನೋ ಹಾಗೆಯೇ ನಾವೂ ಹದಿಮೂರು ಶತಮಾನಗಳಿಂದ ಕಾಣುತ್ತ ಬಂದಿದ್ದೇವೆ. ಅಣ್ಣನಿಗೆ ಪುಣ್ಯವನ್ನು ಧಾರೆಯೆರೆದ ತಮ್ಮನು ಅಣ್ಣನ ಮಗನಿಗೆ ರಾಜ್ಯವನ್ನು ಏಕೆ ಬಿಡಲಾರದೆ ಹೋದನೆಂಬುದನ್ನು ಅವನ ಬಾಯಿಂದ ಕೇಳಿದವರಿಲ್ಲ. ಅವನು ಮಾಡಿದ್ದು ಸರಿಯೆಂದು ನಾನು ಹೇಳುತ್ತಿಲ್ಲ. ಗೆದ್ದವನಿಗೆ ಕವಿ ಸಿಕ್ಕುತ್ತಾನೆ, ಮನೆಯೊಳಗಿನ ಜಗಳದಲ್ಲಿ ಸೋತವನಿಗೆ ಸಿಕ್ಕುವುದಿಲ್ಲ ಎಂಬುದಷ್ಟೇ ನನಗೆ ಹೊಳೆದದ್ದು. ನಮ್ಮ ಮನೆಯಲ್ಲಿ ಕಲಿತವನು ನಾನೊಬ್ಬನೇ. ಹಾಗಾದರೆ ನಮ್ಮ ಮನೆಯ ರವಿಕೀರ್ತಿಯೂ ನಾನೇ. ಕಾಕಾನನ್ನು ಈ ಎರಡು ವರ್ಷಗಳಲ್ಲಿ ಗೆಳೆಯರ ಮುಂದೆ ನಾನು ಹೇಗೆ ಹಾಡಿದ್ದೇನೆಂಬುದನ್ನು ನೆನೆದು ಆ ಗುಡ್ಡದ ಮೇಲೆ ನಾಚಿಕೆಯೆನಿಸಿತು.

ಅಂದು ಶನಿವಾರ. ಮಿತ್ರರ ಬಸ್ಸು ಬಾಗಲಕೋಟೆಗೆ ಮರಳಿತು. ನಾನು ಗುರುಗಳ ಅಪ್ಪಣೆ ಪಡೆದು ಅಮೀನಗಡದಲ್ಲಿ ಇಳಿದೆ. ಅಂಗಡಿಯಲ್ಲಿ ಅರ್ಧ ಕಿಲೋ ಕರದಂಟು ಕಟ್ಟಿಸಿಕೊಂಡು ಹುನಗುಂದದ ಮೇಲೆ ಹಾಯ್ದು ಬರುವ ಬಸ್ಸನ್ನು ಹಿಡಿದು ಇಳಕಲ್ಲನ್ನು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಕಾಕಾ ಮಗ್ಗದಲ್ಲಿಯೇ ಇದ್ದ. ಅಂದು ಅವನು ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕುತ್ತಿದ್ದ. ಇಳಕಲ್ಲಿನ ಸೀರೆಯ ಮರ್ಮವೇ ಅದು. ಒಡಲಿನ ನೂಲು ಬೇರೆ, ಸೆರಗಿನ ರೇಶಿಮೆ ಬೇರೆ, ಎರಡನ್ನೂ ಕುಣಿಕೆಗೆ ಕುಣಿಕೆ ಸೇರಿಸಿ ಕೂಡಿಸಬೇಕು. ಅವಸರ ಮಾಡಿದರೆ ಕೆಡುತ್ತದೆ. ಅಪ್ಪನ ಮಗ್ಗದಲ್ಲಿ ತಮ್ಮ ಕುಳಿತಿದ್ದ.

ಕರದಂಟನ್ನು ಅವ್ವನ ಕೈಗೆ ಕೊಟ್ಟು ಕಾಕಾನ ಬಳಿ ಕುಳಿತೆ. ಎಲ್ಲಿಗೆ ಹೋಗಿದ್ದೆನೆಂದು ಅವನು ಕೇಳಿದ. ಬಾದಾಮಿಯ ಕಥೆಯನ್ನು ಹೇಳಿದೆ. ಮಂಗಳೇಶನ ಗುಹೆಯ ಮಾತನ್ನೂ ಹೇಳಿದೆ. ಅವನು ಕೈ ನಿಲ್ಲಿಸದೆ ಕೇಳಿದ. ಕೊನೆಗೆ ಅಪ್ಪನ ಮಗ್ಗದ ಮಾತನ್ನು ಎತ್ತಿದೆ. ಎರಡು ವರ್ಷಗಳ ಹಿಂದೆಯೇ ಕೇಳಬೇಕಾಗಿದ್ದ ಮಾತದು. ಕಾಕಾ ತಲೆಯೆತ್ತದೆಯೇ ಉತ್ತರ ಕೊಟ್ಟ. ನಾನು ಕಾಲೇಜಿಗೆ ಸೇರಿದ ವರ್ಷ ಒಂದು ಮಗ್ಗದ ದುಡಿಮೆ ಮನೆಗೂ ನನ್ನ ಊಟದ ಖರ್ಚಿಗೂ ಸಾಲದಾಯಿತಂತೆ. ಎರಡನೆಯ ಮಗ್ಗವನ್ನು ಹೂಡಲೇಬೇಕಾಯಿತು. ಕೂಲಿಯವರನ್ನು ಕೂಡ್ರಿಸಿದರೆ ಉಳಿಯುವುದೇನು? ಹತ್ತನೆಯ ಇಯತ್ತೆ ಮುಗಿಸಿದ್ದ ಮಗನನ್ನು ಮುಂದಕ್ಕೆ ಓದಿಸದೆ ಅಲ್ಲಿ ಕೂಡ್ರಿಸಿದ. ನನಗೆ ತಿಳಿಸಿದರೆ ನಾನು ಓದು ಬಿಟ್ಟು ಬಂದೇನೆಂದು ಯಾರೂ ತಿಳಿಸಲಿಲ್ಲ. ಅಷ್ಟೇ ಅವನು ಹೇಳಿದ್ದು. ಆಮೇಲೆ ದೀಪವನ್ನು ಸ್ವಲ್ಪ ಹತ್ತಿರಕ್ಕೆ ಹಿಡಿಯೆಂದ.

ಮಿತ್ರರೇ, ಸಿಂಹಾಸನವನ್ನು ಕಳೆದುಕೊಂಡವನು ನಾನೆಂದು ತಿಳಿದಿದ್ದೆ. ಅದರ ಮೇಲೆ ಕುಳಿತವನೇ ನಾನು. ಇಳಿದು ಜಾಗ ಕೊಟ್ಟವನು ತಮ್ಮ. ಅವನು ಲೆಕ್ಕದಲ್ಲಿ ನನಗಿಂತ ಚುರುಕಾಗಿದ್ದನೆಂಬುದು ನನಗೆ ಆಗ ನೆನಪಾಯಿತು. ಕ್ಷಮೆ ಕೇಳುವ ಮಾತು ಬಾಯಿಗೆ ಬರಲಿಲ್ಲ. ಅವನ ಬಳಿ ಹೋಗಿ ಬುಟ್ಟಿಯಲ್ಲಿದ್ದ ಬರಿಯ ಕಂಡಿಕೆಗಳನ್ನು ತೆಗೆದುಕೊಂಡು ನೂಲು ಸುತ್ತತೊಡಗಿದೆ. ಅವನು ಒಮ್ಮೆ ನೋಡಿ ಸುಮ್ಮನಾದ. ಸ್ವಲ್ಪ ಹೊತ್ತಿನ ಮೇಲೆ ಪುಲಿಕೇಶಿಯ ಹಡಗುಗಳು ಎಷ್ಟು ದೊಡ್ಡವಿದ್ದವೆಂದು ಕೇಳಿದ.

ಇಮ್ಮಡಿ ಪುಲಿಕೇಶಿಯು ನಮ್ಮ ನಾಡಿನ ಹೆಮ್ಮೆಯೆಂಬುದರಲ್ಲಿ ನನಗೆ ಈಗಲೂ ಸಂದೇಹವಿಲ್ಲ. ಅವನ ಬಾಳನ್ನು ಪೂರ್ತಿಯಾಗಿ ತಿಳಿಯಬೇಕಾದರೆ ಮೇಗುತಿಯ ಗೋಡೆಯ ಜೊತೆಗೆ ಬಾದಾಮಿಯ ಮೂರನೆಯ ಗುಹೆಯನ್ನೂ, ನರಸಿಂಹವರ್ಮನ ಸವೆದ ಬಂಡೆಯನ್ನೂ ಓದಬೇಕು. ಬಾದಾಮಿಗೆ ಹೋಗುವ ಮಿತ್ರರು ಅಗಸ್ತ್ಯತೀರ್ಥದ ಮೆಟ್ಟಿಲುಗಳ ಮೇಲೆ ಒಂದು ಗಳಿಗೆ ಕುಳಿತು ಬರಬೇಕೆಂದು ನನ್ನ ವಿನಂತಿ. ಪರೀಕ್ಷೆ ಮುಗಿದ ಮೇಲೆ ನಾನು ಅಲ್ಲಿಗೆ ಮತ್ತೊಮ್ಮೆ ಹೋಗುವವನಿದ್ದೇನೆ. ಈ ಸಲ ತಮ್ಮನನ್ನೂ ಕರೆದುಕೊಂಡು. ಈ ವರ್ಷ ಅವನು ಹೊರಗಿನಿಂದ ಪಿ.ಯು. ಪರೀಕ್ಷೆಗೆ ಕುಳಿತುಕೊಳ್ಳಬೇಕೆಂದು ಮನೆಯಲ್ಲಿ ಮಾತು ನಡೆದಿದೆ. ಅವನ ಅರ್ಜಿಯನ್ನು ನಾನೇ ತುಂಬಿಕೊಡಬೇಕು.